ಹೆಕ್ಟೇರ್, ಎಕರೆ, ಗುಂಟೆ: ವಿಸ್ತೀರ್ಣದ ಪರಿವರ್ತನೆ ಮತ್ತು ಗೊಬ್ಬರದ ಲೆಕ್ಕಾಚಾರ

ಬೇಸಾಯ ಕ್ರಮಗಳ ಶಿಫಾರಸುಗಳನ್ನು ಸಾಮಾನ್ಯವಾಗಿ ಹೆಕ್ಟೇರಿಗೆ ನೀಡಲಾಗುತ್ತದೆ. ಆದರೆ ಪಹಣಿಯಲ್ಲಿ ಜಮೀನಿನ ವಿಸ್ತೀರ್ಣವು ಎಕರೆ ಮತ್ತು ಗುಂಟೆಗಳಲ್ಲಿರುತ್ತದೆ. ಹೆಕ್ಟೇರಿನ ಪ್ರಮಾಣವನ್ನೇ ಎಕರೆಗೆ ಬಳಸಿದಲ್ಲಿ ಬೆಳೆಗೆ ಸುಮಾರು ಎರಡೂವರೆ ಪಟ್ಟು ಗೊಬ್ಬರ ಅಥವಾ ಕಳೆನಾಶಕ ಬೀಳುತ್ತದೆ. ಆದುದರಿಂದ ಪರಿವರ್ತನೆಯನ್ನು ಸರಿಯಾಗಿ ತಿಳಿಯುವುದು ಅವಶ್ಯಕ.

ಮುಖ್ಯ ಅಳತೆಗಳು
• 1 ಚದರ ಮೀಟರ್ = 10,000 ಚದರ ಸೆಂ.ಮೀ.
• 1 ಆರ್ = 100 ಚದರ ಮೀಟರ್
• 1 ಹೆಕ್ಟೇರ್ = 100 ಆರ್ = 10,000 ಚದರ ಮೀಟರ್
• 1 ಚದರ ಕಿ.ಮೀ. = 100 ಹೆಕ್ಟೇರ್
• 1 ಗುಂಟೆ = 1,089 ಚದರ ಅಡಿ = 101.17 ಚದರ ಮೀಟರ್
• 1 ಎಕರೆ = 40 ಗುಂಟೆ = 4,047 ಚದರ ಮೀಟರ್
• 1 ಹೆಕ್ಟೇರ್ = 2.47 ಎಕರೆ

ಒಂದು ಮೀಟರಿಗೆ 100 ಸೆಂ.ಮೀ. ಆದರೂ, ವಿಸ್ತೀರ್ಣವು ಉದ್ದ ಮತ್ತು ಅಗಲಗಳ ಗುಣಲಬ್ಧವಾದ ಕಾರಣ ಒಂದು ಚದರ ಮೀಟರಿಗೆ 100 × 100 ಚದರ ಸೆಂ.ಮೀ. ಆಗುತ್ತದೆ. ಇಲ್ಲಿಯೇ ತಪ್ಪುಗಳಾಗುವುದು ಹೆಚ್ಚು.

ಉದಾಹರಣೆ
ನೀರಾವರಿ ರಾಗಿಗೆ ಹೆಕ್ಟೇರಿಗೆ 100 ಕಿ.ಗ್ರಾಂ ಸಾರಜನಕದ ಶಿಫಾರಸು ಇದೆ. ಯೂರಿಯಾದಲ್ಲಿ ಶೇ. 46ರಷ್ಟು ಸಾರಜನಕವಿರುವುದರಿಂದ, ಇಡೀ ಸಾರಜನಕವನ್ನು ಯೂರಿಯಾ ರೂಪದಲ್ಲಿಯೇ ಒದಗಿಸುವುದಾದರೆ 217 ಕಿ.ಗ್ರಾಂ ಬೇಕು. ಜಮೀನು 1 ಎಕರೆ 10 ಗುಂಟೆ ಇದ್ದಲ್ಲಿ:
1. ಒಟ್ಟು ಗುಂಟೆ: 40 + 10 = 50
2. ಚದರ ಮೀಟರ್: 50 × 101.17 = 5,058
3. ಹೆಕ್ಟೇರ್: 5,058 ÷ 10,000 = 0.506
4. ಯೂರಿಯಾ: 217 × 0.506 = 110 ಕಿ.ಗ್ರಾಂ

ಅಂದರೆ 45 ಕಿ.ಗ್ರಾಂ ತೂಕದ ಸುಮಾರು ಎರಡೂವರೆ ಚೀಲ. ಹೆಕ್ಟೇರನ್ನು ಎಕರೆಯೆಂದು ಭಾವಿಸಿದ್ದರೆ ಆರು ಚೀಲ ಹಾಕಬೇಕಾಗುತ್ತಿತ್ತು. ಸಾರಜನಕ ಅತಿಯಾದಲ್ಲಿ ಪೈರು ಸೊಕ್ಕಿ ನೆಲಕ್ಕೆ ಬಾಗುತ್ತದೆ, ಬೆಂಕಿ ರೋಗಕ್ಕೆ ಎಡೆಯಾಗುತ್ತದೆ, ಖರ್ಚೂ ಹೆಚ್ಚುತ್ತದೆ.

ಸುಲಭ ಸೂತ್ರಗಳು
• ಗುಂಟೆಯು ಹೆಚ್ಚುಕಡಿಮೆ ಒಂದು ಆರ್‌ಗೆ ಸಮ. ಆದ್ದರಿಂದ ಹೆಕ್ಟೇರಿನ ಪ್ರಮಾಣವನ್ನು 100ರಿಂದ ಭಾಗಿಸಿದರೆ ಗುಂಟೆಯ ಪ್ರಮಾಣ ದೊರೆಯುತ್ತದೆ. ವ್ಯತ್ಯಾಸ ಶೇ. 1ರಷ್ಟು ಮಾತ್ರ.
• ಹೆಕ್ಟೇರಿಗೆ ನೀಡಿದ ಕಿ.ಗ್ರಾಂ ಅನ್ನು 10ರಿಂದ ಭಾಗಿಸಿದರೆ ಒಂದು ಚದರ ಮೀಟರಿಗೆ ಬೇಕಾದ ಗ್ರಾಂ ದೊರೆಯುತ್ತದೆ. ಸಣ್ಣ ಮಡಿಗಳಿಗೆ ಇದು ಅನುಕೂಲ.

ಸೂಚನೆ: ಬದು, ಕಾಲುವೆ ಮತ್ತು ಕಣದ ಜಾಗವನ್ನು ಕಳೆದು, ಬಿತ್ತನೆಯಾದ ವಿಸ್ತೀರ್ಣಕ್ಕೆ ಮಾತ್ರ ಲೆಕ್ಕ ಹಾಕಬೇಕು. ಯಾವುದೇ ಶಿಫಾರಸನ್ನು ಅನುಸರಿಸುವ ಮೊದಲು ಅದು ಎಕರೆಗೋ ಹೆಕ್ಟೇರಿಗೋ ಎಂಬುದನ್ನು ರೈತ ಬಾಂಧವರು ಖಚಿತಪಡಿಸಿಕೊಳ್ಳಬೇಕು.