ದತ್ತಾಂಶ ಕೋಷ್ಟಕಗಳಿಂದ ಕ್ಲಾಸ್‌ಗಳ ಸ್ವಯಂಚಾಲಿತ ರಚನೆ: ತಾಂತ್ರಿಕ ಸಿಬ್ಬಂದಿಗೆ ವಿವರಣೆ

ಗ್ರಾಮ ಪಂಚಾಯಿತಿಗಳ ಆಸ್ತಿ ಹಾಗೂ ತೆರಿಗೆ ವಿವರಗಳು ಇಂದು ಪಂಚತಂತ್ರ, ಇ-ಸ್ವತ್ತು ಮುಂತಾದ ತಂತ್ರಾಂಶಗಳ ಮೂಲಕ ನಿರ್ವಹಣೆಯಾಗುತ್ತಿವೆ. ಇವುಗಳ ಜೊತೆಗೆ ವರದಿ ಮತ್ತು ಪರಿಶೀಲನೆಗಾಗಿ ಸಣ್ಣಪುಟ್ಟ ತಂತ್ರಾಂಶಗಳನ್ನು ಸಿದ್ಧಪಡಿಸುವ ಸಂದರ್ಭಗಳೂ ಬರುತ್ತವೆ. ಅಂತಹ ಕೆಲಸದಲ್ಲಿ ತೊಡಗುವ ಸಿಬ್ಬಂದಿಯ ಉಪಯೋಗಕ್ಕಾಗಿ ಈ ವಿವರಣೆಯನ್ನು ನೀಡಲಾಗಿದೆ.

1. ದತ್ತಾಂಶ ಕ್ಲಾಸ್ ಎಂದರೇನು?

ಕೃಷ್ಣರಾಜಪೇಟೆ ತಾಲ್ಲೂಕಿನ ಸಂತೆಬಾಚಹಳ್ಳಿಯ ತೆರಿಗೆ ಬೇಡಿಕೆ ವಹಿಯನ್ನು ಒಂದು ಕೋಷ್ಟಕವೆಂದು ಭಾವಿಸಬಹುದು. ಅದರಲ್ಲಿ ಆಸ್ತಿ ಸಂಖ್ಯೆ, ಮಾಲೀಕರ ಹೆಸರು, ಗ್ರಾಮದ ಸಂಕೇತ, ಸರ್ವೆ ನಂಬರ್, ವಾರ್ಷಿಕ ತೆರಿಗೆ ಮತ್ತು ಬಾಕಿ ಎಂಬ ಆರು ಕಾಲಂಗಳಿವೆ. ಇದರ ಒಂದೊಂದು ಸಾಲನ್ನು ತಂತ್ರಾಂಶದೊಳಗೆ ಹೊತ್ತೊಯ್ಯಲು ಅದೇ ಆರು ಅಂಶಗಳುಳ್ಳ ಒಂದು ಅಚ್ಚು ಬೇಕು. ಆ ಅಚ್ಚೇ ದತ್ತಾಂಶ ಕ್ಲಾಸ್. ಅದು ಲೆಕ್ಕ ಮಾಡುವುದಿಲ್ಲ, ನಿರ್ಧಾರ ಕೈಗೊಳ್ಳುವುದಿಲ್ಲ. ಮಾಹಿತಿಯನ್ನು ಹಿಡಿದಿಡುವುದಷ್ಟೇ ಅದರ ಕೆಲಸ.

2. ಸ್ವಯಂಚಾಲಿತ ರಚನೆ ಏಕೆ?

ಕೋಷ್ಟಕವೊಂದೇ ಇದ್ದರೆ ಕ್ಲಾಸನ್ನು ಕೈಯಿಂದಲೇ ಬರೆಯಬಹುದು. ಕೋಷ್ಟಕಗಳು ನೂರಾದಾಗ, ಒಂದು ಕಡೆ ಕಾಲಂ ಸೇರಿಸಿ ಮತ್ತೊಂದು ಕಡೆ ಮರೆಯುವುದು ಸಹಜ. ಆದರೆ ಕೋಷ್ಟಕದ ರಚನೆಯ ವಿವರವನ್ನು ದತ್ತಸಂಚಯವೇ ಇಟ್ಟುಕೊಂಡಿರುತ್ತದೆ. ಇನ್ಫರ್ಮೇಷನ್ ಸ್ಕೀಮಾ ಎಂಬ ಈ ವ್ಯವಸ್ಥೆಯು 1992ರ ಎಸ್‌ಕ್ಯೂಎಲ್ ಮಾನಕದಲ್ಲಿ ಸೇರಿದೆ. ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್ ಮೊದಲಾದವುಗಳಲ್ಲಿ ಲಭ್ಯವಿದೆ. ಕಾಲಂನ ಹೆಸರು, ಬಗೆ, ಉದ್ದ, ಖಾಲಿ ಬಿಡಲು ಅವಕಾಶವಿದೆಯೇ ಎಂಬುದನ್ನು ಅಲ್ಲಿಂದಲೇ ಓದಿ ಕ್ಲಾಸ್ ಬರೆದುಕೊಡುವ ಸಾಧನಗಳಿವೆ. ಜಾವಾದಲ್ಲಿ ಹೈಬರ್ನೇಟ್ ಟೂಲ್ಸ್, ಡಾಟ್‌ನೆಟ್‌ನಲ್ಲಿ ಎಂಟಿಟಿ ಫ್ರೇಮ್‌ವರ್ಕ್ ಕೋರ್ ಇಂತಹವು.

3. ಗಮನಿಸಬೇಕಾದ ಅಂಶಗಳು

ಸಾಧನವು ಕೋಷ್ಟಕದಲ್ಲಿರುವುದನ್ನು ನಕಲು ಮಾಡುತ್ತದೆಯೇ ಹೊರತು ಅದರ ಅರ್ಥವನ್ನು ತಿಳಿಯದು. ಕೋಷ್ಟಕದಲ್ಲಿನ ದೋಷ ಕ್ಲಾಸಿನಲ್ಲಿಯೂ ಮುಂದುವರಿಯುತ್ತದೆ. ಆದುದರಿಂದ ಮೊದಲು ಕೋಷ್ಟಕವನ್ನು ಪರಿಶೀಲಿಸತಕ್ಕದ್ದು.

ಅ) ಖಾಲಿ ಮತ್ತು ಸೊನ್ನೆ: ಬಾಕಿ ಕಾಲಂ ಖಾಲಿಯಿದ್ದರೆ "ಮಾಹಿತಿ ಇಲ್ಲ" ಎಂದರ್ಥ, ಸೊನ್ನೆಯಿದ್ದರೆ "ಬಾಕಿ ಇಲ್ಲ" ಎಂದರ್ಥ. ಜಾವಾದ ಸಾಮಾನ್ಯ ಪೂರ್ಣಾಂಕ ಬಗೆಯು ಖಾಲಿಯನ್ನು ಹಿಡಿದಿಡಲಾರದು; ಕೋಷ್ಟಕದಿಂದ ಓದುವಾಗ ಖಾಲಿಯು ಸೊನ್ನೆಯಾಗಿ ಬರಬಹುದು. ಆಗ ತೆರಿಗೆ ನಿರ್ಧಾರವೇ ಆಗದ ಆಸ್ತಿಗೂ ಬೇಬಾಕಿ ಪತ್ರ ದೊರೆಯುವ ಸಂಭವವಿದೆ. ಖಾಲಿ ಬಿಡಬಹುದಾದ ಕಾಲಂಗಳಿಗೆ ಖಾಲಿಯನ್ನು ಒಪ್ಪುವ ಬಗೆಯನ್ನೇ ಸಾಧನದಲ್ಲಿ ಆಯ್ಕೆ ಮಾಡತಕ್ಕದ್ದು.

ಆ) ಕನ್ನಡ ಹೆಸರುಗಳು: "ಸಂತೆಬಾಚಹಳ್ಳಿ" ಎಂಬುದು ಓದುವವರಿಗೆ ಆರು ಅಕ್ಷರ. ಯೂನಿಕೋಡ್‌ನಲ್ಲಿ ಅದು 12 ಸಂಕೇತಗಳಾಗಿ, ಯುಟಿಎಫ್-8ರಲ್ಲಿ 36 ಬೈಟ್‌ಗಳಾಗಿ ಶೇಖರವಾಗುತ್ತದೆ. ಕಾಲಂನ ಉದ್ದವನ್ನು ಇಂಗ್ಲಿಷ್ ಹೆಸರುಗಳ ಅಂದಾಜಿನಲ್ಲಿ ನಿಗದಿಪಡಿಸಿದ್ದರೆ ಮಾಲೀಕರ ಹೆಸರು ಅರ್ಧಕ್ಕೆ ತುಂಡಾಗಬಹುದು ಅಥವಾ ನಮೂದೇ ತಿರಸ್ಕೃತವಾಗಬಹುದು.

ಇ) ಸರ್ವೆ ನಂಬರ್: 45/2 ಎಂಬುದು ಸಂಖ್ಯೆಯಲ್ಲ, ಹಿಸ್ಸಾ ಸಹಿತವಾದ ಗುರುತು. ಅದನ್ನು ಪಠ್ಯವಾಗಿಯೇ ಇಡತಕ್ಕದ್ದು. 5/2ರಂತಹ ನಂಬರನ್ನು ಎಕ್ಸೆಲ್ ದಿನಾಂಕವಾಗಿ ಬದಲಿಸುವುದರಿಂದ ಅಲ್ಲಿಂದ ತರುವಾಗ ವಿಶೇಷ ಎಚ್ಚರಿಕೆ ಅಗತ್ಯ.

ಈ) ಹಣದ ಮೊತ್ತ: ಫ್ಲೋಟ್ ಬಗೆಯು ಹತ್ತು ಪೈಸೆಯನ್ನೂ ನಿಖರವಾಗಿ ಹಿಡಿದಿಡಲಾರದು. ತೆರಿಗೆ ಮತ್ತು ಬಾಕಿಗೆ ಡೆಸಿಮಲ್ ಬಗೆಯನ್ನೇ ಬಳಸತಕ್ಕದ್ದು.

4. ಪಾಲಿಸಬೇಕಾದ ಕ್ರಮ

ಸಾಧನವು ರಚಿಸಿದ ಕಡತವನ್ನು ಕೈಯಿಂದ ತಿದ್ದಬಾರದು. ಮುಂದಿನ ಸಲ ರಚಿಸುವಾಗ ಆ ತಿದ್ದುಪಡಿ ಅಳಿಸಿಹೋಗುತ್ತದೆ. ದಂಡದ ಲೆಕ್ಕ, ರಿಯಾಯಿತಿ ಮುಂತಾದ ನಿಯಮಗಳನ್ನು ಪ್ರತ್ಯೇಕ ಕ್ಲಾಸಿನಲ್ಲಿ ಬರೆಯತಕ್ಕದ್ದು. ಕೋಷ್ಟಕ ಬದಲಾದಾಗಲೆಲ್ಲ ಮರುರಚನೆ ಮಾಡಿದರೆ, ಹಳೆಯ ಕಾಲಂ ಹೆಸರನ್ನು ಬಳಸಿದ ಕಡೆಗಳಲ್ಲಿ ಕಂಪೈಲ್ ಹಂತದಲ್ಲಿಯೇ ದೋಷ ಗೋಚರಿಸುತ್ತದೆ. ಪಂಚಾಯಿತಿ ಕಚೇರಿಯಲ್ಲಿ ಸಾರ್ವಜನಿಕರ ಎದುರು ತಪ್ಪು ಪತ್ತೆಯಾಗುವುದಕ್ಕಿಂತ ಅಲ್ಲಿಯೇ ಪತ್ತೆಯಾಗುವುದು ಲೇಸು.

ರಚನೆಯ ನಂತರ ಒಂದು ಗ್ರಾಮದ ಕೆಲವು ಸಾಲುಗಳನ್ನು, ಅದರಲ್ಲೂ ಖಾಲಿ ಬಾಕಿ, ಉದ್ದ ಹೆಸರು ಮತ್ತು ಹಿಸ್ಸಾ ನಂಬರ್ ಇರುವ ಸಾಲುಗಳನ್ನು, ಮೂಲ ವಹಿಯೊಂದಿಗೆ ತಾಳೆ ನೋಡಿದ ಮೇಲೆಯೇ ತಂತ್ರಾಂಶವನ್ನು ಬಳಕೆಗೆ ತರತಕ್ಕದ್ದು.