ಘಾಟಿಯಾಚೆ ಬಿಡಲು ಹೊರಟ ನಾಯಿ

ಆಗುಂಬೆಯ ಮಳೆಯ ಹೆಸರು ನಾಡಿಗೆಲ್ಲ ಗೊತ್ತು. ಅದಕ್ಕೆ ಸರಿಗಟ್ಟಿ ಸುರಿಯುವ ಹುಲಿಕಲ್ಲಿನ ಮಳೆಯನ್ನು ಬಲ್ಲವರು ಕಡಿಮೆ. ಆ ಘಾಟಿಯ ನೆತ್ತಿಗೆ ಸಮೀಪದಲ್ಲಿ, ಹೊಸನಗರ ತಾಲ್ಲೂಕಿನ ಮಾಸ್ತಿಕಟ್ಟೆಯುಂಟು. ವಾರಾಹಿ ಜಲವಿದ್ಯುತ್ ಯೋಜನೆಯಿಂದ ಹೆಸರಾದ ಊರು. ಅಲ್ಲಿ ಒಂದು ಮಳೆಗಾಲದ ಸಂಜೆ, ಯಾರೋ ಊರು ಬಿಡುವಾಗ ಹಿಂದೆ ಬಿಟ್ಟುಹೋದ ನಾಯಿಯೊಂದು ನಮ್ಮ ಜಗಲಿಯನ್ನೇರಿ ಮೈ ಕೊಡವಿತು.

ಅದರ ಕುಲಗೋತ್ರವನ್ನು ಹೇಳುವುದು ಕಷ್ಟ. ಕಾಲುಗಳ ಉದ್ದವನ್ನು ನೋಡಿದರೆ ಹಿರಿಯರಲ್ಲಿ ಯಾರೋ ಬೇಟೆನಾಯಿ ಇದ್ದಿರಬೇಕೆನಿಸುತ್ತಿತ್ತು; ಎದೆಯ ಅಗಲ ಬೇರೊಂದು ಕತೆಯನ್ನೇ ಹೇಳುತ್ತಿತ್ತು. ಮುಧೋಳದ ನಾಯಿಗೆ ವಂಶದ ಕೀರ್ತಿಯುಂಟು. 2005ರಲ್ಲಿ ಅದಕ್ಕೆ ಅಂಚೆಚೀಟಿಯ ಗೌರವವೂ ಸಂದಿತು. ಬೆರಕೆಯ ನಾಯಿಗೆ ದೊರೆಯುವುದು ಹೆಚ್ಚೆಂದರೆ ಒಂದು ಹೆಸರು. ನಾವು ಕರಿಯನೆಂದು ಕರೆದೆವು.

ವಾರದೊಳಗೆ ಕರಿಯ ಎರಡು ಜೊತೆ ಚಪ್ಪಲಿಯನ್ನೂ ಒಂದು ಕಂಬಳಿಯನ್ನೂ ಹರಿದು, ಕೊಟ್ಟಿಗೆಯ ಕರುವನ್ನು ಅಟ್ಟಾಡಿಸಿ, ಪ್ರೀತಿಯ ಭರದಲ್ಲಿ ನಮ್ಮ ತಾಯಿಯವರನ್ನೇ ಅಂಗಳದಲ್ಲಿ ಕೆಡವಿತು. “ಘಾಟಿಯಾಚೆ ಬಿಟ್ಟು ಬನ್ನಿ” ಎಂಬುದು ನೆರೆಯವರ ಸಲಹೆ. ಒಂದು ಬೆಳಿಗ್ಗೆ ಹಗ್ಗ ಹಿಡಿದು ಹೊರಟೂಬಿಟ್ಟೆ. ಹೊರಡುವಾಗ ತೋಳು ಕಿತ್ತುಬರುವಂತೆ ಎಳೆದ ನಾಯಿ, ಮೂರನೆಯ ಮೈಲಿಯ ಹೊತ್ತಿಗೆ ನನ್ನ ಪಕ್ಕದಲ್ಲಿ ಶಾಂತವಾಗಿ ನಡೆಯುತ್ತಿತ್ತು. ಮರ್ಮ ಆಗ ಹೊಳೆಯಿತು: ಅದರಲ್ಲಿದ್ದುದು ದುರ್ಗುಣವಲ್ಲ, ಕೆಲಸ ಕಾಣದ ಶಕ್ತಿ. ಇಬ್ಬರೂ ಮನೆಗೆ ಹಿಂದಿರುಗಿದೆವು.

ಇಂಥ ನಾಯಿಯನ್ನು ಸಾಕಬಯಸುವವರು ಮೊದಲು ತಮ್ಮ ಕಾಲುಗಳನ್ನು ಕೇಳಿಕೊಳ್ಳುವುದು ಲೇಸು. ದಿನಕ್ಕೆ ಎರಡು ಬಾರಿ, ಮಳೆಯಿರಲಿ ಬಿಸಿಲಿರಲಿ, ನಡೆಸುವ ಸಂಕಲ್ಪವಿಲ್ಲದಿದ್ದರೆ ಸಾಕದಿರುವುದೇ ದಯೆ. ಹಗಲೆಲ್ಲ ಸರಪಳಿಯಲ್ಲಿ ಕಟ್ಟಿದರೆ ಪುಂಡತನ ಹೆಚ್ಚುವುದೇ ಹೊರತು ತಗ್ಗದು. ಮೈಮೇಲೆ ಹಾರಿದಾಗ ಗದರಿಸುವುದೂ ಅದಕ್ಕೆ ಆಟವೇ; ಬೆನ್ನು ತಿರುಗಿಸಿ ನಿಂತು, ನಾಲ್ಕು ಕಾಲೂ ನೆಲಕ್ಕೆ ತಾಗಿದ ಮೇಲೆ ಮಾತನಾಡಿಸಬೇಕು. ಊಟದಲ್ಲಿ ಈರುಳ್ಳಿ ಕೂಡದು. ಅದು ನಾಯಿಯ ರಕ್ತಕಣಗಳನ್ನು ಕೆಡಿಸುತ್ತದೆ. ಬೇಯಿಸಿದ ಮೂಳೆಯೂ ಬೇಡ. ಸೀಳಿ ಕರುಳನ್ನು ಚುಚ್ಚೀತು.

ಮಲೆನಾಡಿನಲ್ಲಿ ಇನ್ನೂ ಕೆಲವು ಎಚ್ಚರಿಕೆಗಳುಂಟು. ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಗುರುತಿಸಲಾದ ಮಂಗನ ಕಾಯಿಲೆಯನ್ನು ಹರಡುವುದು ಕಾಡಿನ ಉಣ್ಣಿ. ಆದುದರಿಂದ ನಾಯಿಯನ್ನು ಕಾಡಿಗೆ ಬಿಡದಿರುವುದು ಒಳ್ಳೆಯದು. ಮೈಯಲ್ಲಿ ಉಣ್ಣಿ ಕಂಡರೆ ಬೆರಳಿನಿಂದ ಹೊಸಕದೆ ಚಿಮುಟದಿಂದ ತೆಗೆಯಬೇಕು. ಚಿರತೆಗೆ ನಾಯಿಯೆಂದರೆ ಸುಲಭದ ಊಟ. ರಾತ್ರಿ ಅದರ ಜಾಗ ಬಾಗಿಲಿನ ಒಳಗೆ. ಮೂರು ತಿಂಗಳು ತುಂಬಿದ ಮರಿಗೆ ಹುಚ್ಚುರೋಗದ ಲಸಿಕೆ ಹಾಕಿಸಿ, ಪಶುವೈದ್ಯರು ಹೇಳಿದ ಕಾಲಕ್ಕೆ ಮರಳಿ ಹಾಕಿಸುತ್ತಿರಬೇಕು. ಯಾವ ನಾಯಿಯೇ ಕಚ್ಚಲಿ, ಗಾಯವನ್ನು 15 ನಿಮಿಷ ಸೋಪು ನೀರಿನಲ್ಲಿ ತೊಳೆದು ಅಂದೇ ಆಸ್ಪತ್ರೆಗೆ ಹೋಗುವುದು. ರೋಗದ ಲಕ್ಷಣ ಕಾಣಿಸಿದ ಮೇಲೆ ಉಳಿದವರು ತೀರ ವಿರಳ.

ಈಗ ತಾಯಿಯವರು ಜಗಲಿಗೆ ಬಂದರೆ ಕರಿಯ ಕುಳಿತು ಕಾಯುತ್ತದೆ. ಬಾಲ ಮಾತ್ರ ಕುಳಿತಿರದು. ಅಂದು ಬಿಟ್ಟುಬರಲೆಂದು ಕೊಂಡೊಯ್ದ ಹಗ್ಗ ಗೂಟದಲ್ಲಿ ತೂಗಿದೆ. ಅದನ್ನು ಕೈಗೆ ತೆಗೆದುಕೊಂಡರೆ ಸಾಕು, ನನಗಿಂತ ಮೊದಲು ಅದು ಬಾಗಿಲಿನಲ್ಲಿ ನಿಂತಿರುತ್ತದೆ.