ಕುಡಿತ ಬಿಟ್ಟವರ ಸಭೆ: ಎಲ್ಲಿ ವಿಚಾರಿಸುವುದು, ಹೋಗಿ ಏನು ಮಾಡುವುದು

ರೈತ ಬಾಂಧವರಿಗೆ ಬೀಜ ಗೊಬ್ಬರಗಳ ವಿಚಾರ ತಿಳಿಸುವುದು ಗ್ರಾಮಸೇವಕನ ಕೆಲಸ. ಆದರೆ ಚನ್ನಗಿರಿಯ ಅಡಿಕೆಯ ಹಣವಾಗಲಿ, ಜಗಳೂರಿನ ಮೆಕ್ಕೆಜೋಳದ ಹಣವಾಗಲಿ ಮನೆ ಸೇರುವ ಮೊದಲೇ ವೈನ್ ಶಾಪಿನಲ್ಲಿ ಕರಗಿಹೋದರೆ ಎಂಥ ಬೀಜ ಬಿತ್ತಿ ಏನು ಫಲ? ಆದುದರಿಂದ ಈ ಸಲ ಬೇಸಾಯದ ಮಾತನ್ನು ಬದಿಗಿಟ್ಟು ಕುಡಿತದ ವಿಚಾರ ಬರೆಯುತ್ತಿದ್ದೇನೆ.

ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ರಂದು. ಸಾರಾಯಿ ಹೋಯಿತು, ಕುಡಿತ ಹೋಗಲಿಲ್ಲ. ಕುಡಿಯುವವರಲ್ಲಿ ಬಿಡಬೇಕೆಂಬ ಆಸೆ ಇಲ್ಲವೆಂದು ತಿಳಿಯಬಾರದು. ಅಯ್ಯಪ್ಪನ ಮಾಲೆ ಹಾಕಿ 41 ದಿನ ಒಂದು ತೊಟ್ಟೂ ಮುಟ್ಟದವರು ನಮ್ಮ ಊರೂರಲ್ಲಿ ಇದ್ದಾರೆ. ಮಾಲೆ ತೆಗೆದ ವಾರದಲ್ಲಿಯೇ ಅವರಲ್ಲಿ ಕೆಲವರು ಮತ್ತೆ ಅದೇ ಬೆಂಚಿನ ಮೇಲೆ ಕುಳಿತಿರುತ್ತಾರೆ. ವ್ರತಕ್ಕೆ ಕೊನೆಯ ದಿನವೊಂದುಂಟು. ಹಳೆಯ ಸ್ನೇಹಿತರು ಮಾತ್ರ ಇದ್ದಲ್ಲಿಯೇ ಇರುತ್ತಾರೆ. ಬಿಡುವುದಕ್ಕಿಂತ ಬಿಟ್ಟು ನಿಲ್ಲುವುದು ಕಷ್ಟ. ಸಭೆ ಬೇಕಾಗುವುದು ಅದಕ್ಕೇ.

ಈ ಉಪಾಯ ಹೊರಟದ್ದು ಅಮೆರಿಕದ ಆಕ್ರನ್ ಪಟ್ಟಣದಲ್ಲಿ, 1935ರಲ್ಲಿ. ಷೇರು ವ್ಯವಹಾರ ಮಾಡುತ್ತಿದ್ದ ಬಿಲ್ ವಿಲ್ಸನ್ ಮತ್ತು ಶಸ್ತ್ರವೈದ್ಯ ಬಾಬ್ ಸ್ಮಿತ್, ಇಬ್ಬರೂ ಕುಡಿತದಿಂದ ಹಾಳಾಗಿದ್ದವರು, ಒಬ್ಬರ ಕಷ್ಟವನ್ನು ಇನ್ನೊಬ್ಬರಿಗೆ ಹೇಳಿಕೊಳ್ಳುತ್ತಾ ಕುಡಿಯದೆ ಉಳಿದರು. ಅದೇ ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘ. 1957ರಲ್ಲಿ ಅದು ಭಾರತಕ್ಕೆ ಬಂದಿತು. ಚಂದಾ ಇಲ್ಲ, ಜಾತಿ ಮತ ಕೇಳುವುದಿಲ್ಲ. ಬಿಡಬೇಕೆಂಬ ಮನಸ್ಸಿದ್ದರೆ ಸಾಕು. ಇದರ ಸಭೆಗಳು ಹೆಚ್ಚಾಗಿ ದೊಡ್ಡ ಪಟ್ಟಣಗಳಲ್ಲಿವೆ.

ಹಳ್ಳಿಯವರಿಗೆ ಹತ್ತಿರವಾದುದು ಬೇರೊಂದು. 1982ರಲ್ಲಿ ಪ್ರಾರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ಜನಜಾಗೃತಿ ವೇದಿಕೆಯೊಡನೆ ಸೇರಿ ಊರುಗಳಲ್ಲಿ 8 ದಿನದ ಮದ್ಯವರ್ಜನ ಶಿಬಿರ ನಡೆಸುತ್ತಾರೆ. ಶಿಬಿರ ಮುಗಿಸಿದವರು ಆಮೇಲೆ ನವಜೀವನ ಸಮಿತಿ ಎಂಬ ಹೆಸರಿನಲ್ಲಿ ಸೇರುತ್ತಾರೆ. ಶಿಬಿರದ ಬ್ಯಾನರು, ಮೆರವಣಿಗೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಸಮಿತಿಯ ಸಣ್ಣ ಸಭೆಯನ್ನು ಯಾರೂ ಗಮನಿಸುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಹೆಚ್ಚು ಬೆಲೆಯುಳ್ಳದ್ದು ಆ ಸಣ್ಣ ಸಭೆಯೇ. ಕಿತ್ತು ನಾಟಿ ಮಾಡಿದ ಸಸಿ ಬೇರು ಹಿಡಿಯುವವರೆಗೆ ಗದ್ದೆಗೆ ನೀರು ತಪ್ಪಿಸುತ್ತೇವೆಯೆ?

ವಿಚಾರಿಸುವುದು ಹೇಗೆ? ನಿಮ್ಮ ಮನೆಯ ಹೆಣ್ಣುಮಕ್ಕಳು ಧರ್ಮಸ್ಥಳ ಸಂಘದಲ್ಲಿದ್ದರೆ ಸೇವಾಪ್ರತಿನಿಧಿಯನ್ನು ಅವರೇ ಬಲ್ಲರು. ಹತ್ತಿರದ ನವಜೀವನ ಸಮಿತಿ ಯಾವ ಊರಿನಲ್ಲಿ, ಯಾವ ವಾರ, ಎಷ್ಟು ಹೊತ್ತಿಗೆ ಸೇರುತ್ತದೆ ಎಂದು ಕೇಳಿ ಬರೆದಿಟ್ಟುಕೊಳ್ಳಿ. ನ್ಯಾಮತಿ ಮೊದಲು ಹೊನ್ನಾಳಿಗೆ ಸೇರಿದ್ದ ಕಾರಣ ಅಲ್ಲಿಯವರು ಹೊನ್ನಾಳಿಯಲ್ಲಿಯೂ ಕೇಳಬಹುದು. ಸ್ವಂತ ಊರಿನ ಸಭೆಗೆ ನಾಚಿಕೆಯಾದರೆ ಪಕ್ಕದ ಹೋಬಳಿಯ ಸಭೆಗೆ ಹೋದರೂ ತಪ್ಪಿಲ್ಲ. ಯಾರನ್ನೂ ಕೇಳಲು ಮನಸ್ಸಾಗದವರು 14446 ಎಂಬ ವ್ಯಸನಮುಕ್ತಿ ಸಹಾಯವಾಣಿಗೆ, ಇಲ್ಲವೆ 14416 ಎಂಬ ಟೆಲಿ ಮಾನಸ್‌ಗೆ ಫೋನು ಮಾಡಬಹುದು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಬೆಳಿಗ್ಗೆ ಎದ್ದೊಡನೆ ಕೈ ನಡುಗಿ, ಒಂದು ಗುಟುಕು ಬಿದ್ದ ಮೇಲೆ ನಡುಕ ನಿಲ್ಲುವಂಥವರು ಮನೆಯಲ್ಲಿಯೇ ಹಠ ಹಿಡಿದು ಏಕಾಏಕಿ ಬಿಡಕೂಡದು. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರುವುದುಂಟು. ಎರಡು ಮೂರು ದಿನ ಕಳೆದ ಮೇಲೆ ಭ್ರಮೆ ಹಿಡಿದು ಪ್ರಾಣಕ್ಕೇ ಅಪಾಯವಾಗುವುದೂ ಉಂಟು. ಇಂಥವರನ್ನು ಮೊದಲು ತಾಲ್ಲೂಕು ಆಸ್ಪತ್ರೆಗಾಗಲಿ, ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗಾಗಲಿ ಕರೆದುಕೊಂಡು ಹೋಗಬೇಕು. ನಡುಕಕ್ಕೆ ಔಷಧವುಂಟು, ಬಿ1 ಜೀವಸತ್ವದ ಇಂಜೆಕ್ಷನ್ ಉಂಟು. ಸಾರಿನಲ್ಲಿ ಗೊತ್ತಾಗದಂತೆ ಬೆರೆಸಿಕೊಡಿ ಎಂದು ಮಾರುವ ಪುಡಿ, ಮಾತ್ರೆಗಳನ್ನು ಮಾತ್ರ ಯಾರೂ ಕೊಳ್ಳಬೇಡಿ. ಡೈಸಲ್ಫಿರಾಮ್ ಎಂಬ ಮಾತ್ರೆ ತಿಂದವನು ಅದರ ಮೇಲೆ ಕುಡಿದರೆ ಹೃದಯಕ್ಕೆ ಅಪಾಯ. ರೋಗಿಗೆ ತಿಳಿಸಿ, ಅವನು ಒಪ್ಪಿದ ಮೇಲೆ ವೈದ್ಯರು ಕೊಡತಕ್ಕ ಮದ್ದು ಅದು.

ಸಭೆಯಲ್ಲಿ ಏನು ನಡೆಯುತ್ತದೆಂಬ ಅಳುಕು ಸಹಜ. ಉಪದೇಶ ಕಡಮೆ. ಒಬ್ಬೊಬ್ಬರೂ ತಮ್ಮ ಸಂಗತಿ ಹೇಳುತ್ತಾರೆ: ಎಷ್ಟು ದಿನವಾಯಿತು, ಯಾವ ಸಂಜೆ ಮನಸ್ಸು ಎಳೆಯಿತು, ಹೇಗೆ ತಪ್ಪಿಸಿಕೊಂಡರು. ಮೊದಲ ದಿನ ಹೆಸರು ಹೇಳಿ ಸುಮ್ಮನೆ ಕೇಳುತ್ತಾ ಕುಳಿತರೂ ಸರಿಯೆ. ಅಲ್ಲಿ ಕೇಳಿದ್ದನ್ನು ಊರ ಕಟ್ಟೆಯ ಮೇಲೆ ಆಡಕೂಡದು. ಕುಡಿದು ಹೋಗಬೇಡಿ, ಆದರೆ ನಿನ್ನೆ ಕುಡಿದೆನೆಂದು ಇಂದು ತಪ್ಪಿಸಲೂ ಬೇಡಿ. ಮರಳಿ ಜಾರಿದವನೇ ಸಭೆಗೆ ಮೊದಲು ಬರಬೇಕಾದವನು. ಒಂದೇ ಸಭೆ ನೋಡಿ ಹಿಡಿಸಲಿಲ್ಲವೆಂದು ಬಿಡದೆ ನಾಲ್ಕಾರು ವಾರವಾದರೂ ಹೋಗಿ ನೋಡತಕ್ಕದ್ದು. ಬಸ್ ನಿಲ್ದಾಣದ ಪಕ್ಕದಲ್ಲೇ ಅಂಗಡಿ ಇರುವ ಕಡೆ ಹಿಂತಿರುಗುವಾಗ ಜೊತೆಗೊಬ್ಬರಿದ್ದರೆ ಕ್ಷೇಮ.

ಮನೆಯವರಿಗೆ ಒಂದು ಮಾತು. ಗಂಡ ಬಾರದಿದ್ದರೂ ಹೆಂಡತಿಯೋ ತಾಯಿಯೋ ಹೋಗಿ ವಿಚಾರಿಸಬಹುದು. ಕುಡಿಯುವವರ ಮನೆಯವರಿಗಾಗಿಯೇ ಅಮೆರಿಕದಲ್ಲಿ 1951ರಿಂದ ಅಲ್‌ಅನಾನ್ ಎಂಬ ಬೇರೆ ಸಂಘ ನಡೆಯುತ್ತಿದೆ. ಅದು ಇಂದು ಭಾರತದಲ್ಲಿಯೂ ಉಂಟು. ಹೊಡೆತ ಬಡಿತವಿದ್ದರೆ ಸಭೆಯ ದಿನಕ್ಕೆ ಕಾಯದೆ 112ಕ್ಕೆ ಫೋನು ಮಾಡಬೇಕು.

ಅಡಿಕೆ ಕೊಯ್ಲು, ಜೋಳದ ಮಾರಾಟದ ತಿಂಗಳುಗಳಲ್ಲಿ ಕೈಯಲ್ಲಿ ಹಣವಿರುತ್ತದೆ, ಕೆಲಸವೂ ಇರುತ್ತದೆ. ಸಭೆ ತಪ್ಪುವುದು ಆಗಲೇ. ಆ ವಾರಗಳಲ್ಲಿ ಹಣವನ್ನು ನೇರವಾಗಿ ಬ್ಯಾಂಕಿಗೆ ಹಾಕಿಸಿ, ಕೆಲಸವನ್ನು ಒಂದು ಗಂಟೆ ಮೊದಲೇ ಮುಗಿಸಿ ಸಭೆಗೆ ಹೊರಡಿ. ಹತ್ತಿರದಲ್ಲಿ ಸಮಿತಿಯೇ ಇಲ್ಲದ ಊರಿನಲ್ಲಿ ಬಿಟ್ಟವರು ಇಬ್ಬರಿದ್ದರೂ ವಾರಕ್ಕೊಂದು ಸಂಜೆ ಗೊತ್ತುಮಾಡಿಕೊಂಡು ಕೂಡಬಹುದು. ಸಮುದಾಯ ಭವನದ ಬೀಗದ ಕೈಗೆ ಗ್ರಾಮ ಪಂಚಾಯಿತಿಯಲ್ಲಿ ಕೇಳಿ.